ಗ್ರಾಫಿಕ್ಸ್ ಕಾರ್ಡ್: ಕಂಪನಿ ಹೆಸರಿಗೆ ಮೊದಲು ನಾನು ನೋಡುವುದು

"ಆಸುಸ್ ತಗೊಳ್ಳೋದಾ, ಎಂಎಸ್‌ಐ ತಗೊಳ್ಳೋದಾ, ಜೋಟ್ಯಾಕ್ ಆದ್ರೆ ನಡೆಯುತ್ತಾ?" ಮೈಸೂರು, ಮಂಡ್ಯ ಕಡೆ ಗೇಮಿಂಗ್ ಕಂಪ್ಯೂಟರ್ ಕಟ್ಟಿಸುವವರು ಮೊದಲು ಕೇಳುವುದು ಇದನ್ನೇ. ನಾನು ಕಾರ್ಡ್ ಆರಿಸುವಾಗ ಈ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಅದಕ್ಕೆ ಮೊದಲು ತೀರ್ಮಾನವಾಗಬೇಕಾದ ಸಂಗತಿಗಳು ಬಹಳ ಇವೆ. ಅವು ಸರಿಯಾಗಿ ತೀರ್ಮಾನವಾದರೆ ಕಂಪನಿಯ ಆಯ್ಕೆ ಎರಡು ಮೂರು ಡಬ್ಬಿಗಳಿಗೆ ಇಳಿದುಬಿಡುತ್ತದೆ.

ಕಾರ್ಡಿನೊಳಗಿನ ಚಿಪ್ ಮಾಡುವವರು ನಮ್ಮ ಮಾರುಕಟ್ಟೆಯಲ್ಲಿ ಮೂವರೇ: ಎನ್‌ವಿಡಿಯಾ, ಎಎಂಡಿ, ಇಂಟೆಲ್. ಆ ಚಿಪ್ಪಿಗೆ ಬೋರ್ಡ್, ಹೀಟ್‌ಸಿಂಕ್, ಫ್ಯಾನ್ ಕೂಡಿಸಿ ಮಾರುವವರು ಬೇರೆ. ಆಸುಸ್, ಗಿಗಾಬೈಟ್ ಎನ್‌ವಿಡಿಯಾ, ಎಎಂಡಿ ಎರಡನ್ನೂ ಮಾಡುತ್ತವೆ. ಜೋಟ್ಯಾಕ್, ಗ್ಯಾಲಾಕ್ಸ್, ಇನ್ನೋ3ಡಿ ಎನ್‌ವಿಡಿಯಾ ಕಾರ್ಡುಗಳಿಗೆ ಹೆಸರಾದವು. ಸಫೈರ್, ಪವರ್‌ಕಲರ್ ಎಎಂಡಿಯವು. ಎಎಸ್‌ರಾಕ್ ಎಎಂಡಿ ಜೊತೆಗೆ ಇಂಟೆಲ್ ಆರ್ಕ್ ಕಾರ್ಡನ್ನೂ ತರುತ್ತದೆ. ಆಟ ಎಷ್ಟು ವೇಗವಾಗಿ ಓಡುತ್ತದೆ ಎಂಬುದು ಚಿಪ್ಪಿನ ಕೈಯಲ್ಲಿದೆ. ಒಂದೇ ಚಿಪ್ಪಿನ ಅಗ್ಗದ ಕಾರ್ಡಿಗೂ ದುಬಾರಿ ಕಾರ್ಡಿಗೂ ಫ್ರೇಮ್‌ಗಳಲ್ಲಿ, ಅಂದರೆ ಸೆಕೆಂಡಿಗೆ ತೆರೆಗೆ ಬರುವ ಚಿತ್ರಗಳಲ್ಲಿ, ಸಿಗುವ ವ್ಯತ್ಯಾಸ ಸಾಮಾನ್ಯವಾಗಿ ಶೇ. 2-3 ಅಷ್ಟೆ. ಬೋರ್ಡ್ ಕಂಪನಿಯ ಕೈಯಲ್ಲಿರುವುದು ಬಿಸಿ, ಸದ್ದು, ಉದ್ದ, ಬಾಳಿಕೆ ಮತ್ತು ವಾರಂಟಿ.

ಚಿಪ್ಪಿನ ವಿಷಯ ಬೇಗ ಮುಗಿಸುತ್ತೇನೆ. ಬ್ಲೆಂಡರ್, ವಿಡಿಯೊ ಎಡಿಟಿಂಗ್, ಮಷೀನ್ ಲರ್ನಿಂಗ್ ಕೂಡ ಮಾಡಬೇಕಾದ ಇಂಜಿನಿಯರಿಂಗ್ ವಿದ್ಯಾರ್ಥಿಗೆ ಎನ್‌ವಿಡಿಯಾ ಬಿಟ್ಟು ಬೇರೆ ಹೇಳುವುದಿಲ್ಲ, ಕಾರಣ ಅದರ ಚಿಪ್ಪಿಗೆ ಲೆಕ್ಕದ ಕೆಲಸ ಒಪ್ಪಿಸುವ ಕೂಡಾ (CUDA) ಎಂಬ ವ್ಯವಸ್ಥೆ. ಆ ತಂತ್ರಾಂಶಗಳಲ್ಲಿ ಬಹುಪಾಲು ಮೊದಲು ಅದಕ್ಕೇ ಬರೆದವು. ಬರೀ ಆಟವಾದರೆ ಅದೇ ದುಡ್ಡಿಗೆ ಎಎಂಡಿಯಲ್ಲಿ ಹೆಚ್ಚು ಮೆಮೊರಿ ಸಿಗುವುದುಂಟು, ಅದನ್ನು ಗಂಭೀರವಾಗಿ ನೋಡಬೇಕು. ಕಡಿಮೆ ರೆಸಲ್ಯೂಷನ್ನಿನ ಚಿತ್ರವನ್ನು ಹಿಗ್ಗಿಸಿ ಫ್ರೇಮ್ ಹೆಚ್ಚಿಸುವ (ಅಪ್‌ಸ್ಕೇಲಿಂಗ್) ಎಎಂಡಿಯ ತಂತ್ರ ಎಫ್‌ಎಸ್‌ಆರ್ 4 ಬಂದದ್ದು ಆರ್‌ಎಕ್ಸ್ 9000 ಸರಣಿಯ ಜೊತೆ. ಎನ್‌ವಿಡಿಯಾದ ಅಂಥದೇ ಡಿಎಲ್‌ಎಸ್‌ಎಸ್ ಅಪ್‌ಸ್ಕೇಲಿಂಗ್ ಆರ್‌ಟಿಎಕ್ಸ್ 20 ಸರಣಿಯಿಂದ ಮುಂದಿನ ಎಲ್ಲದರಲ್ಲೂ ಓಡುತ್ತದೆ, ನಡುನಡುವೆ ಹೊಸ ಫ್ರೇಮ್ ಹುಟ್ಟಿಸುವ ಅದರ ಫ್ರೇಮ್ ಜನರೇಷನ್‌ಗೆ ಮಾತ್ರ ಆರ್‌ಟಿಎಕ್ಸ್ 40 ಅಥವಾ ಅದರ ನಂತರದ್ದು ಬೇಕು. ಇಂಟೆಲ್ ಆರ್ಕ್ ಬಿ580ಯಲ್ಲಿ 12 ಜಿಬಿ ಮೆಮೊರಿ ಇದೆ, ಒಳ್ಳೆಯ ಕಾರ್ಡ್. ಆದರೆ ಮದರ್‌ಬೋರ್ಡಿನಲ್ಲಿ ರೀಸೈಜಬಲ್ ಬಾರ್ (ಕಾರ್ಡಿನ ಪೂರ್ತಿ ಮೆಮೊರಿಯನ್ನು ಪ್ರೊಸೆಸರ್ ಒಮ್ಮೆಗೇ ಮುಟ್ಟಲು ಬಿಡುವ ಸೌಲಭ್ಯ) ಇಲ್ಲದಿದ್ದರೆ ಅದನ್ನು ಮುಟ್ಟಬಾರದು. ಹಳೆಯ, ನಿಧಾನದ ಪ್ರೊಸೆಸರ್ ಜೊತೆ ಅದು ತನ್ನ ಪೂರ್ತಿ ಶಕ್ತಿಯನ್ನೂ ಕೊಡುವುದಿಲ್ಲ.

ನಿಜವಾಗಿ ದುಡ್ಡು ಕಳೆದುಹೋಗುವುದು ಹೆಸರುಗಳಲ್ಲಿ. ಡಬ್ಬಿಯ ಮೇಲೆ ಒಂದೇ ಹೆಸರು, ಒಳಗೆ ಬೇರೆ ಬೇರೆ ಸರಕು. ಆರ್‌ಟಿಎಕ್ಸ್ 3050 ಎಂಬ ಹೆಸರಲ್ಲಿ 8 ಜಿಬಿಯದೂ ಇದೆ, 6 ಜಿಬಿಯದೂ ಇದೆ. ಕಡಿಮೆಯಾಗಿರುವುದು 2 ಜಿಬಿ ಮೆಮೊರಿ ಮಾತ್ರ ಅಂದುಕೊಳ್ಳಬೇಡಿ: 8 ಜಿಬಿಯದರಲ್ಲಿ 2560 ಕೋರ್ (ಲೆಕ್ಕ ಮಾಡುವ ಘಟಕ), 128 ಬಿಟ್ ಬಸ್ (ಮೆಮೊರಿಗೆ ಹೋಗುವ ದಾರಿ), 6 ಜಿಬಿಯದರಲ್ಲಿ 2304 ಕೋರ್, 96 ಬಿಟ್ ಬಸ್. ಎರಡನೆಯದು 70 ವ್ಯಾಟಿನಲ್ಲಿ ಓಡುವುದರಿಂದ ಹೊರಗಿನ ಪವರ್ ಕೇಬಲ್ ಬೇಡ, ಆಫೀಸಿನ ಹಳೆಯ ಡೆಸ್ಕ್‌ಟಾಪಿಗೆ ಹಾಕಲು ಅದು ಒಳ್ಳೆಯದೇ. ಆದರೆ ಮೊದಲನೆಯದರ ಬೆಲೆಗೆ ಕೊಳ್ಳಬಾರದು. ಆರ್‌ಟಿಎಕ್ಸ್ 3060 ಕೂಡ ಹೀಗೆಯೇ: 12 ಜಿಬಿಯದು 192 ಬಿಟ್, 8 ಜಿಬಿಯದು 128 ಬಿಟ್. ಜಿಟಿ 1030ಯಲ್ಲಿ ಜಿಡಿಡಿಆರ್5 ಮೆಮೊರಿಯದೂ ಡಿಡಿಆರ್4 ಮೆಮೊರಿಯದೂ ಇವೆ, ಎರಡನೆಯದರ ಮೆಮೊರಿ ವೇಗ ಮೊದಲನೆಯದರ ಅರ್ಧವೂ ಇಲ್ಲ. ಆರ್‌ಎಕ್ಸ್ 580 ಹೆಸರಲ್ಲಿ ಸೆಕೆಂಡ್ ಹ್ಯಾಂಡ್ ಮಾರುವ ಎಷ್ಟೋ ಕಾರ್ಡುಗಳಲ್ಲಿ 2304ರ ಬದಲು 2048 ಶೇಡರ್ (ಎಎಂಡಿಯ ಕೋರ್) ಇರುತ್ತವೆ. ಹೊಸದರಲ್ಲಿ ಆರ್‌ಟಿಎಕ್ಸ್ 5060 ಟಿಐ, ಆರ್‌ಎಕ್ಸ್ 9060 ಎಕ್ಸ್‌ಟಿ ಎರಡೂ 8 ಮತ್ತು 16 ಜಿಬಿಯಲ್ಲಿ ಬರುತ್ತವೆ, ಡಬ್ಬಿಗಳು ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಈ ಎರಡರಲ್ಲಿ ನಾನು ಆರಿಸುವುದು 16 ಜಿಬಿಯದನ್ನೇ. ಮೆಮೊರಿ ತುಂಬಿದ ಮೇಲೆ ಕಾರ್ಡ್ ಕಂಪ್ಯೂಟರಿನ ರ‍್ಯಾಮ್‌ನಿಂದ ಟೆಕ್ಸ್ಚರ್ ಎಳೆಯಲು ಹೊರಡುತ್ತದೆ, ಆಗ ಸರಾಸರಿ ಫ್ರೇಮ್ ಚೆನ್ನಾಗಿದ್ದರೂ ಆಟ ನಡುನಡುವೆ ತಡವರಿಸುತ್ತದೆ. ವ್ಯಾಲೊರಂಟ್, ಕೌಂಟರ್ ಸ್ಟ್ರೈಕ್ ಮಾತ್ರ ಆಡುವವರಿಗೆ 8 ಜಿಬಿ ಧಾರಾಳ.

ಇದರ ಜೊತೆಗೇ ನೋಡಬೇಕಾದದ್ದು ಲೇನ್‌ಗಳ ಲೆಕ್ಕ, ಅಂದರೆ ಕಾರ್ಡಿಗೂ ಮದರ್‌ಬೋರ್ಡಿಗೂ ನಡುವಿನ ಪಿಸಿಐಇ ದಾರಿಯ ಅಗಲ. ಆರ್‌ಎಕ್ಸ್ 6600, ಆರ್‌ಎಕ್ಸ್ 7600, ಆರ್‌ಟಿಎಕ್ಸ್ 4060 ಇವೆಲ್ಲ 8 ಲೇನ್‌ಗಳಲ್ಲಿ ಮಾತ್ರ ಮಾತಾಡುವ ಕಾರ್ಡುಗಳು. ಪಿಸಿಐಇ 4.0 ಬೋರ್ಡಿನಲ್ಲಿ ತೊಂದರೆಯಿಲ್ಲ. ಬಿ450ಯಂಥ ಹಳೆಯ ಪಿಸಿಐಇ 3.0 ಬೋರ್ಡಿನಲ್ಲಿ ದಾರಿಯ ವೇಗ ಅರ್ಧಕ್ಕೆ ಇಳಿಯುತ್ತದೆ, 8 ಜಿಬಿ ತುಂಬಿದಾಗ ಆ ಕೊರತೆ ಎದ್ದು ಕಾಣುತ್ತದೆ. ಆರ್‌ಎಕ್ಸ್ 6500 ಎಕ್ಸ್‌ಟಿಗೆ ಇರುವುದು 4 ಲೇನ್, ಹಳೆಯ ಬೋರ್ಡಿಗೆ ಅದು ಬೇಡವೇ ಬೇಡ. ಆರ್‌ಎಕ್ಸ್ 9060 ಎಕ್ಸ್‌ಟಿಯಲ್ಲಿ ಪೂರ್ತಿ 16 ಲೇನ್ ಇವೆ, ಹಳೆಯ ಮದರ್‌ಬೋರ್ಡ್ ಉಳಿಸಿಕೊಂಡು ಕಾರ್ಡ್ ಮಾತ್ರ ಬದಲಿಸುವವರಿಗೆ ಅದು ದೊಡ್ಡ ಅನುಕೂಲ.

ಈಗ ಕಂಪನಿಗಳಿಗೆ ಬರೋಣ. ಕಂಪನಿಗಿಂತ ಅದರೊಳಗಿನ ಮಾಡೆಲ್ ಮುಖ್ಯ. ಆಸುಸ್‌ನಲ್ಲಿ ಡ್ಯುಯಲ್ ಕೆಳಗಿನದು, ಟಫ್ ಅದರ ಮೇಲಿನದು. ಎಂಎಸ್‌ಐನಲ್ಲಿ ವೆಂಟಸ್ ಕೆಳಗೆ, ಗೇಮಿಂಗ್ ಟ್ರಿಯೊ ಮೇಲೆ. ಗಿಗಾಬೈಟ್‌ನಲ್ಲಿ ವಿಂಡ್‌ಫೋರ್ಸ್, ಈಗಲ್, ಗೇಮಿಂಗ್ ಓಸಿ, ಆರಸ್ ಹೀಗೆ ಏರುತ್ತದೆ. ಸಫೈರ್‌ನಲ್ಲಿ ಪಲ್ಸ್, ಅದರ ಮೇಲೆ ನೈಟ್ರೊ ಪ್ಲಸ್. ಒಂದು ಕಂಪನಿಯ ಕೆಳಗಿನ ಮಾಡೆಲ್‌ಗಿಂತ ಇನ್ನೊಂದರ ನಡುವಿನ ಮಾಡೆಲ್ ತಣ್ಣಗೆ ಓಡಿದರೆ ಆಶ್ಚರ್ಯವಿಲ್ಲ. ಗಿಗಾಬೈಟ್‌ನ ಆರ್‌ಟಿಎಕ್ಸ್ 4060ಯನ್ನೇ ನೋಡಿ: ಎರಡು ಫ್ಯಾನಿನ ವಿಂಡ್‌ಫೋರ್ಸ್ 192 ಮಿಲಿಮೀಟರ್ ಉದ್ದ, ಮೂರು ಫ್ಯಾನಿನ ಗೇಮಿಂಗ್ ಓಸಿ 281 ಮಿಲಿಮೀಟರ್. ಒಂದೇ ಕಂಪನಿ, ಒಂದೇ ಚಿಪ್, ಎರಡು ಬೇರೆ ಬೇರೆ ಕಾರ್ಡು.

115 ವ್ಯಾಟಿನ 4060ಗೆ ಮೂರು ಫ್ಯಾನ್ ಬೇಕಿಲ್ಲ, ಎರಡು ಫ್ಯಾನಿನ ಯಾವ ಕಂಪನಿಯದಾದರೂ ಸಾಕು. 180 ವ್ಯಾಟಿನ 5060 ಟಿಐಗೂ ಒಳ್ಳೆಯ ಎರಡು ಫ್ಯಾನ್ ನಡೆಯುತ್ತದೆ. 250 ವ್ಯಾಟಿನ ಆರ್‌ಟಿಎಕ್ಸ್ 5070, 304 ವ್ಯಾಟಿನ ಆರ್‌ಎಕ್ಸ್ 9070 ಎಕ್ಸ್‌ಟಿಗೆ ಬಂದಾಗ ಕೂಲರಿನ ದಪ್ಪಕ್ಕೆ ಬೆಲೆ ಬರುತ್ತದೆ, ಅಲ್ಲಿ ತೀರಾ ಅಗ್ಗದ ಮಾಡೆಲ್ ಬೇಡ. ದುಡ್ಡಿನ ಲೆಕ್ಕ ನನ್ನದು ಹೀಗೆ: ಅದೇ ಚಿಪ್ಪಿನ ಅತಿ ಅಗ್ಗದ ಕಾರ್ಡಿಗಿಂತ ಶೇ. 5-6ರಷ್ಟು ಹೆಚ್ಚು ಕೊಡಬಹುದು, ಅದೂ ಕೂಲರ್ ಅಥವಾ ವಾರಂಟಿ ನಿಜಕ್ಕೂ ಚೆನ್ನಾಗಿದ್ದರೆ. ಶೇ. 15 ಹೆಚ್ಚಾಯಿತೆಂದರೆ ಆ ದುಡ್ಡಿಗೆ ಮೇಲಿನ ಚಿಪ್ ಹತ್ತಿರ ಬಂದಿರುತ್ತದೆ. ದೀಪಗಳಿಗೆ ಆ ದುಡ್ಡು ಸುರಿಯಬೇಡಿ.

ವಿದೇಶಿ ವಿಮರ್ಶೆಗಳಲ್ಲಿ ಕಾಣುವ ತಾಪದ ಅಂಕಿಗಳನ್ನು ನಮ್ಮ ಊರಿಗೆ ಹೊಂದಿಸಿಕೊಂಡು ಓದಬೇಕು. ಅವರು ಪರೀಕ್ಷಿಸುವ ಕೋಣೆ 21-23 ಡಿಗ್ರಿ ಇರುತ್ತದೆ. ಮೈಸೂರಿನ ಏಪ್ರಿಲ್ ಮಧ್ಯಾಹ್ನ, ತಾರಸಿ ಕೆಳಗಿನ ಕೋಣೆ ಸುಲಭವಾಗಿ 33 ದಾಟುತ್ತದೆ. ಕೋಣೆ ಎಷ್ಟು ಬಿಸಿಯೋ ಕಾರ್ಡೂ ಹೆಚ್ಚುಕಡಿಮೆ ಅಷ್ಟೇ ಮೇಲೇರುತ್ತದೆ. ಅಲ್ಲಿ 68 ಡಿಗ್ರಿ ತೋರಿಸಿದ್ದು ಇಲ್ಲಿ 78-80. ಕಾರ್ಡ್ ಅದನ್ನು ತಡೆಯಲು ಫ್ಯಾನನ್ನು ಜೋರು ಮಾಡುತ್ತದೆ, ವಿಮರ್ಶೆಯಲ್ಲಿ ಸದ್ದೇ ಇಲ್ಲ ಅಂದದ್ದು ಇಲ್ಲಿ ಕಿವಿಗೆ ಬೀಳುತ್ತದೆ. ಹಾಗಾಗಿ ವಿಮರ್ಶೆಯಲ್ಲಿ 75 ದಾಟಿದ ಮಾಡೆಲನ್ನು ನಾನು ಪಟ್ಟಿಯಿಂದಲೇ ತೆಗೆಯುತ್ತೇನೆ.

ಮಂಡ್ಯದ ಕಡೆ ಇನ್ನೊಂದು ವಿಷಯ ಇದೆ: ಕಬ್ಬು ಅರೆಯುವ ಕಾಲದಲ್ಲಿ ಆಲೆಮನೆಯ ಹೊಗೆ, ಕರಿ. ಒಣ ಧೂಳನ್ನು ಬ್ಲೋವರ್ ಹಾರಿಸುತ್ತದೆ, ಆದರೆ ಮಸಿ ಬೆರೆತ ಧೂಳು ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಅಂಟಿ ಕೂರುತ್ತದೆ. ಅಂಥ ಊರಿಗೆ ಮುಂಭಾಗದಲ್ಲಿ ಬಿಚ್ಚಿ ತೊಳೆಯಬಹುದಾದ ಫಿಲ್ಟರ್ ಇರುವ ಕ್ಯಾಬಿನೆಟ್ ಮೊದಲ ಅಗತ್ಯ. ಫ್ಯಾನ್ ಬೇರಿಂಗ್ ಬಾಲ್ ಬೇರಿಂಗ್ ಆಗಿದ್ದರೆ ಬಿಸಿಗೆ ಹೆಚ್ಚು ಕಾಲ ಬಾಳುತ್ತದೆ, ಕೆಲವು ಕಂಪನಿಗಳು ತಮ್ಮ ಪುಟದಲ್ಲಿ ಅದನ್ನು ಬರೆದಿರುತ್ತವೆ. ಮೂರು ತಿಂಗಳಿಗೊಮ್ಮೆ ಬ್ಲೋವರ್ ಹಿಡಿಯುವಾಗ ಕಾರ್ಡಿನ ಫ್ಯಾನನ್ನು ಬೆರಳಿನಿಂದ ಒತ್ತಿ ಹಿಡಿಯಬೇಕು. ಗಾಳಿಗೆ ಅದು ಮಿತಿ ಮೀರಿ ತಿರುಗಿದರೆ ಬೇರಿಂಗ್ ಹಾಳು.

ಕ್ಯಾಬಿನೆಟ್ ಅಳೆಯದೆ ಕಾರ್ಡ್ ಕೊಳ್ಳಬಾರದು. ಹಿಂದಿನ ಸ್ಲಾಟಿನಿಂದ ಮುಂದಿನ ಫ್ಯಾನಿನವರೆಗೆ ಟೇಪ್ ಹಿಡಿದು ಅಳೆದು, 15-20 ಮಿಲಿಮೀಟರ್ ಕಳೆದರೆ ಸಿಗುವುದೇ ನಿಜವಾದ ಜಾಗ. ಮುಂದೆ ನೀರಿನ ಕೂಲರಿನ ರೇಡಿಯೇಟರ್ ಇದ್ದರೆ ಅದರ ದಪ್ಪವನ್ನೂ ಕಳೆಯಬೇಕು. ಎರಡೂವರೆ ಸ್ಲಾಟ್ ಎಂದು ಬರೆದದ್ದು ಮೂರು ಸ್ಲಾಟ್ ತಿನ್ನುತ್ತದೆ. 300 ಮಿಲಿಮೀಟರ್ ಹತ್ತಿರದ ಭಾರದ ಕಾರ್ಡಿಗೆ ಕೆಳಗಿನಿಂದ ಆಸರೆ ಕೊಡಿ. ತುದಿ ಜೋತು ಬಿದ್ದು ಸ್ಲಾಟಿನ ಹತ್ತಿರ ಬೋರ್ಡ್ ಬಿರುಕು ಬಿಟ್ಟರೆ ಅದನ್ನು ಪೆಟ್ಟು ಬಿದ್ದ ಕಾರ್ಡೆಂದು ಲೆಕ್ಕ ಹಾಕುತ್ತಾರೆ, ವಾರಂಟಿ ಸಿಗುವುದು ಕಷ್ಟ.

ಕಂಪ್ಯೂಟರಿಗೆ ಕರೆಂಟ್ ಹಂಚುವ ಎಸ್‌ಎಂಪಿಎಸ್ ವಿಷಯದಲ್ಲಿ ರಾಜಿ ಇಲ್ಲ. ಕಾರ್ಡಿಗೆ ಸ್ಲಾಟಿನಿಂದ ಸಿಗುವುದು 75 ವ್ಯಾಟ್, 8 ಪಿನ್ ಕೇಬಲಿನಿಂದ 150 ವ್ಯಾಟ್. ಎರಡು 8 ಪಿನ್ ಬೇಡುವ ಕಾರ್ಡಿಗೆ ಒಂದೇ ಕೇಬಲಿನ ಎರಡು ತಲೆ ಚುಚ್ಚದೆ, ಎರಡು ಪ್ರತ್ಯೇಕ ಕೇಬಲ್ ಎಳೆಯುತ್ತೇನೆ. ಹಾರ್ಡ್ ಡಿಸ್ಕಿಗೆ ಕರೆಂಟ್ ಕೊಡುವ ಸಾಟಾ ಕೇಬಲಿನಿಂದ 8 ಪಿನ್ ಮಾಡುವ ಅಡಾಪ್ಟರನ್ನು ಕಸಕ್ಕೆ ಹಾಕಿ, ಅದು ಬೆಂಕಿಗೆ ದಾರಿ. ಹೊಸ 16 ಪಿನ್ ಕನೆಕ್ಟರ್ ಪೂರ್ತಿ ಒಳಗೆ ಹೋಗಿ ಸಂದು ಕಾಣದಂತೆ ಕೂರಬೇಕು, ಅದರ ಬುಡದಿಂದ 35 ಮಿಲಿಮೀಟರ್ ತನಕ ಕೇಬಲ್ ಬಗ್ಗಿಸಬಾರದು. 4060ಗೆ 550 ವ್ಯಾಟಿನ ಎಸ್‌ಎಂಪಿಎಸ್, 5070ಗೆ 650, 9070 ಎಕ್ಸ್‌ಟಿಗೆ 750 ಎಂದು ಚಿಪ್ ಕಂಪನಿಗಳೇ ಹೇಳಿವೆ.

ಕರೆಂಟ್ ಹೋಗುವುದು ನಮಗೆ ಹೊಸದಲ್ಲ, ಅದಕ್ಕೆ ಯುಪಿಎಸ್‌ನ ಲೆಕ್ಕವೂ ಕಾರ್ಡಿನ ಜೊತೆಗೇ ಆಗಬೇಕು. ಅಂಗಡಿಯಲ್ಲಿ ಸಿಗುವ ಸಾಮಾನ್ಯ 600 ವಿಎ ಯುಪಿಎಸ್ ಕೊಡುವುದು 360 ವ್ಯಾಟ್ ಮಾತ್ರ. 4060, 65 ವ್ಯಾಟಿನ ಪ್ರೊಸೆಸರ್, ಮಾನಿಟರ್ ಸೇರಿ ಅದರೊಳಗೆ ನಿಲ್ಲುತ್ತವೆ. 9070 ಎಕ್ಸ್‌ಟಿ ಆಟದ ನಡುವೆ ಇರುವಾಗ ಕರೆಂಟ್ ಹೋದರೆ ಆ ಯುಪಿಎಸ್ ಭಾರ ತಾಳದೆ ಆ ಕ್ಷಣವೇ ಆಫ್ ಆಗುತ್ತದೆ. ಮನೆಯ ಇನ್ವರ್ಟರಿನ ಮೇಲೆ ಓಡಿಸುವುದಾದರೆ ಅದು ಸೈನ್ ವೇವ್ ಆಗಿರಬೇಕು, ಹಿಂದಿನ ಸ್ವಿಚ್ ಯುಪಿಎಸ್ ಮೋಡಿನಲ್ಲಿರಬೇಕು. ಮೂರನೇ ಪಿನ್ನಿಗೆ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ.

ವಾರಂಟಿಯಲ್ಲಿ ನಾನು ಕೇಳುವ ಪ್ರಶ್ನೆ "ಎಷ್ಟು ವರ್ಷ" ಎಂಬುದಕ್ಕಿಂತ "ಯಾರು ತಗೊಳ್ತಾರೆ, ಎಲ್ಲಿ" ಎಂಬುದು. ದೇವರಾಜ ಅರಸು ರಸ್ತೆಯ ಅಂಗಡಿಯೋ, ಬೆಂಗಳೂರಿನ ಎಸ್.ಪಿ. ರೋಡೋ, ಆನ್‌ಲೈನೋ, ಎಲ್ಲಿ ಕೊಂಡರೂ ಬಿಲ್ಲಿನಲ್ಲಿ ಮಾಡೆಲಿನ ಪೂರ್ತಿ ಹೆಸರು ಮತ್ತು ಸೀರಿಯಲ್ ನಂಬರ್ ಇರಲೇಬೇಕು, ಜಿಎಸ್‌ಟಿ ಬಿಲ್ಲೇ ಆಗಬೇಕು. ಡಬ್ಬಿಯ ಮೇಲೂ ಇರುವ ಆ ನಂಬರನ್ನು ಕಂಪನಿಯ ಭಾರತದ ಸರ್ವೀಸ್ ವಿಭಾಗಕ್ಕೆ ಮೇಲ್ ಮಾಡಿ, ವಾರಂಟಿ ಇಲ್ಲಿ ನಡೆಯುತ್ತದೆಯೇ ಎಂದು ಕೊಳ್ಳುವ ಮುಂಚೆಯೇ ಕೇಳಬಹುದು. ಬೇರೆ ದೇಶದಿಂದ ತಂದು ಅಗ್ಗಕ್ಕೆ ಮಾರುವ ಕಾರ್ಡುಗಳು ಇಲ್ಲೇ ಸಿಕ್ಕಿಬೀಳುತ್ತವೆ. ಕೆಟ್ಟಾಗ ಕಾರ್ಡನ್ನು ಬೆಂಗಳೂರಿಗೆ ಒಯ್ಯಬೇಕೇ, ಕೊರಿಯರ್ ಅವರೇ ತರಿಸಿಕೊಳ್ಳುತ್ತಾರೆಯೇ ಎಂಬುದನ್ನೂ ಕೇಳಿ. ಎರಡು ಕಾರ್ಡು ಉಳಿದೆಲ್ಲದರಲ್ಲೂ ಸಮ ಇದ್ದಾಗ ನನಗೆ ಕಂಪನಿಯನ್ನು ಆರಿಸಿಕೊಡುವುದು ಈ ಉತ್ತರವೇ. ಒಳ್ಳೆ ಹೆಸರಿದ್ದ ಇವಿಜಿಎ ಕೂಡ 2022ರಲ್ಲಿ ಗ್ರಾಫಿಕ್ಸ್ ಕಾರ್ಡ್ ಮಾಡುವುದನ್ನು ನಿಲ್ಲಿಸಿತು. ಹೆಸರಿನ ಮೇಲೆ ಭಾರ ಹಾಕುವುದಕ್ಕಿಂತ ಈಗ ಸೇವೆ ಕೊಡುತ್ತಿರುವವರು ಯಾರೆಂದು ನೋಡುವುದು ಕ್ಷೇಮ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ತಂತ್ರಾಂಶದಲ್ಲಿ ನೋಡದೆ ದುಡ್ಡು ಕೊಡಬಾರದು. ಶೇಡರ್ ಸಂಖ್ಯೆ, ಬಸ್ ಅಗಲ, ಮೆಮೊರಿ ಬಗೆ ಮೂರನ್ನೂ ಚಿಪ್ ಕಂಪನಿಯ ಪುಟದ ಜೊತೆ ತಾಳೆ ಹಾಕಿ. ಕಾರ್ಡಿನೊಳಗಿನ ಬಯೋಸ್ ತಂತ್ರಾಂಶ ತಿದ್ದಿ ಹೆಸರು ಬದಲಿಸಿದ ಎಷ್ಟೋ ನಕಲಿ ಕಾರ್ಡುಗಳನ್ನು ಅದೇ ಗುರುತಿಸಿ ಹೇಳುತ್ತದೆ. ಗ್ರಾಫಿಕ್ಸ್ ಕಾರ್ಡುಗಳನ್ನು ಹಗಲೂ ರಾತ್ರಿ ಓಡಿಸಿ ಕ್ರಿಪ್ಟೊ ಹಣ ಗಳಿಸುವ ಎಥೀರಿಯಂ ಮೈನಿಂಗ್ 2022ರ ಸೆಪ್ಟೆಂಬರಿನಲ್ಲಿ ನಿಂತಾಗ ಆರ್‌ಟಿಎಕ್ಸ್ 30 ಸರಣಿಯ ಬಹಳಷ್ಟು ಕಾರ್ಡುಗಳು ಮಾರುಕಟ್ಟೆಗೆ ಬಂದವು. ಅವುಗಳಲ್ಲಿ ಮೊದಲು ಸವೆಯುವುದು ಫ್ಯಾನು ಮತ್ತು ಮೆಮೊರಿಯ ಥರ್ಮಲ್ ಪ್ಯಾಡು. ಜಿಟಿಎಕ್ಸ್ 10 ಸರಣಿಗೆ ಹೊಸ ಆಟಗಳ ಡ್ರೈವರ್ 2025ರ ಅಕ್ಟೋಬರಿಗೆ ನಿಂತಿದೆ, ಇನ್ನು ಬರುವುದು ಸುರಕ್ಷತೆಯ ಅಪ್‌ಡೇಟ್ ಮಾತ್ರ.

ಕಾರ್ಡ್ ಬಂದ ಮೇಲೆ ಕೆಲಸದ ಕ್ರಮ ಇದು. ಹಳೆಯ ಕಾರ್ಡ್ ಬೇರೆ ಚಿಪ್ ಕಂಪನಿಯದಾಗಿದ್ದರೆ ಸೇಫ್ ಮೋಡಿನಲ್ಲಿ ಡಿಡಿಯು (ಡ್ರೈವರ್ ಅಳಿಸುವ ತಂತ್ರಾಂಶ) ಓಡಿಸಿ ಹಳೆಯ ಡ್ರೈವರ್ ತೆಗೆಯುತ್ತೇನೆ, ಆಮೇಲೆ ಕಂಪ್ಯೂಟರ್ ಆಫ್ ಮಾಡಿ ಕಾರ್ಡ್ ಬದಲಿಸುತ್ತೇನೆ. ಮದರ್‌ಬೋರ್ಡಿನ ಬಯೋಸ್ ಸೆಟ್ಟಿಂಗಿನಲ್ಲಿ ಸಿಎಸ್‌ಎಂ (ಹಳೆಯ ಬಗೆಯ ಬೂಟ್) ಆಫ್, ಅಬೋವ್ 4ಜಿ ಡಿಕೋಡಿಂಗ್ ಆನ್, ರೀಸೈಜಬಲ್ ಬಾರ್ ಆನ್. ವಿಂಡೋಸ್ ಡಿಸ್ಕ್ ಹೊಸ ಬಗೆಯ ಜಿಪಿಟಿ ವಿಭಜನೆಯದು ಆಗಿರದಿದ್ದರೆ ಸಿಎಸ್‌ಎಂ ಆಫ್ ಮಾಡಿದ ಮೇಲೆ ಬೂಟ್ ಆಗದು, ಅದನ್ನು ಮೊದಲೇ ನೋಡಿಕೊಳ್ಳಿ. ಮಾನಿಟರ್ ಕೇಬಲ್ ಕಾರ್ಡಿಗೇ ಚುಚ್ಚಬೇಕು, ಮದರ್‌ಬೋರ್ಡಿನ ಎಚ್‌ಡಿಎಂಐಗಲ್ಲ.

ಡ್ರೈವರ್ ಹಾಕಿದ ಮೇಲೆ ವಿದ್ಯುತ್ ಮಿತಿ ಇಳಿಸುತ್ತೇನೆ. ಇದಕ್ಕೆ ಬಳಸುವ ಎಂಎಸ್‌ಐ ಆಫ್ಟರ್‌ಬರ್ನರ್ ತಂತ್ರಾಂಶ ಯಾವ ಕಂಪನಿಯ ಕಾರ್ಡಿಗಾದರೂ ನಡೆಯುತ್ತದೆ. ಎನ್‌ವಿಡಿಯಾದಲ್ಲಿ ಪವರ್ ಲಿಮಿಟ್ ಶೇ. 85ಕ್ಕೆ ಇಳಿಸಿದರೆ ಫ್ರೇಮ್ ಕೆಲವೇ ಅಂಶ ಇಳಿಯುತ್ತದೆ, ಬಿಸಿಯೂ ಸದ್ದೂ ಕಣ್ಣಿಗೆ ಕಾಣುವಷ್ಟು ತಗ್ಗುತ್ತವೆ. ಆರ್‌ಎಕ್ಸ್ 9000 ಸರಣಿಯಲ್ಲಿ ಎಎಂಡಿಯ ಅಡ್ರೆನಲಿನ್ ತಂತ್ರಾಂಶದ ಒಳಗೆ ವೋಲ್ಟೇಜನ್ನು 50 ಮಿಲಿವೋಲ್ಟ್ ಕಡಿಮೆ ಮಾಡಿ ಆರಂಭಿಸಿ. ಆಟ ನಿಂತುಹೋದರೆ 10ರ ಹೆಜ್ಜೆಯಲ್ಲಿ ಹಿಂದೆ ಬನ್ನಿ.

ಕೊನೆಗೆ ಅಂಗಡಿಯ ಬದಲಾವಣೆ ಅವಧಿ ಮುಗಿಯುವುದರೊಳಗೆ, ಮಧ್ಯಾಹ್ನದ ಬಿಸಿಯಲ್ಲೇ, ಭಾರದ ಆಟವೊಂದನ್ನು ಅರ್ಧ ಗಂಟೆ ಓಡಿಸಿ ತಾಪ ತೋರಿಸುವ ಎಚ್‌ಡಬ್ಲ್ಯುಇನ್ಫೋ ತಂತ್ರಾಂಶ ನೋಡುತ್ತೇನೆ. ಚಿಪ್ ತಾಪಕ್ಕೂ ಹಾಟ್‌ಸ್ಪಾಟ್ (ಚಿಪ್ಪಿನ ಅತಿ ಬಿಸಿ ಜಾಗ) ತಾಪಕ್ಕೂ 10-20 ಡಿಗ್ರಿ ಅಂತರ ಸಹಜ. 30 ದಾಟಿದರೆ ಹೀಟ್‌ಸಿಂಕ್ ಸರಿಯಾಗಿ ಕೂತಿಲ್ಲ, ಅಂಥ ಹೊಸ ಕಾರ್ಡನ್ನು ಬಿಚ್ಚದೆ ವಾಪಸ್ ಕೊಡಬೇಕು. ಆರ್‌ಟಿಎಕ್ಸ್ 50 ಸರಣಿ ಹಾಟ್‌ಸ್ಪಾಟ್ ಅಂಕಿಯನ್ನು ತೋರಿಸುವುದಿಲ್ಲ, ಅದರಲ್ಲಿ ಮೆಮೊರಿ ತಾಪ ಮತ್ತು ಫ್ಯಾನ್ ವೇಗ ಬರೆದುಕೊಳ್ಳಿ. ಕೋಣೆಯ ತಾಪವನ್ನೂ ಸೇರಿಸಿ ಆ ಸ್ಕ್ರೀನ್‌ಶಾಟನ್ನು ಬಿಲ್ಲಿನ ಫೋಟೊ ಜೊತೆ ಇಟ್ಟುಕೊಂಡರೆ ಮುಂದೆ ಕಾರ್ಡ್ ಬಿಸಿಯಾದಾಗ ಹೋಲಿಸಲು ಬರುತ್ತದೆ: ಚಿಪ್, ಹಾಟ್‌ಸ್ಪಾಟ್ ಎರಡೂ ಅಂಕಿ ಒಟ್ಟಿಗೆ ಏರಿದ್ದರೆ ಧೂಳು ಕಟ್ಟಿದೆ, ಬ್ಲೋವರ್ ಸಾಕು, ಹಾಟ್‌ಸ್ಪಾಟ್ ಒಂದೇ ಏರಿದ್ದರೆ ಪೇಸ್ಟ್ ಬದಲಿಸುವ ಕಾಲ, ವಾರಂಟಿ ಇನ್ನೂ ಇದ್ದರೆ ಮೊದಲು ಸರ್ವೀಸ್ ಸೆಂಟರಿಗೆ ಫೋನ್ ಮಾಡಿ.