ದಡಾರ ಬಂದ ಮನೆಯಲ್ಲಿ ಮೊದಲು ಕ್ಯಾಲೆಂಡರ್ ಇಳಿಸಿ

ನನ್ನ ಸರ್ವೀಸೆಲ್ಲ ಹಳ್ಳಿ ಉಪಕೇಂದ್ರಗಳಲ್ಲೇ ಕಳೆದಿದೆ. ದಡಾರ ಬಂತು ಅಂದರೆ ಜನ ಸಿಸ್ಟರ್ ಹತ್ತಿರ ಕೇಳುವುದು ಒಂದೇ, "ಏನು ಔಷಧಿ ಕೊಡ್ಬೇಕು?" ನಾನು ತಿರುಗಿ ಕೇಳುವುದೂ ಒಂದೇ, "ದದ್ದು ಎದ್ದಿದ್ದು ಯಾವತ್ತು?"

ಗೊಬ್ಬರ ಅನ್ನಿ, ಅಮ್ಮ ಅನ್ನಿ, ದಡಾರ ಅನ್ನಿ, ದದ್ದು ಕಂಡ ದಿನ ಕಾಯಿಲೆ ಶುರುವಾಯ್ತು ಅಂತ ಎಲ್ಲರೂ ತಿಳಿದಿರುತ್ತಾರೆ. ಅಷ್ಟೊತ್ತಿಗೆ ಅದು ಊರು ಸುತ್ತಿ ಬಂದಿರುತ್ತದೆ. ದದ್ದು ಏಳುವುದಕ್ಕೆ 4 ದಿನ ಮೊದಲೇ ಮಗುವಿನಿಂದ ಬೇರೆಯವರಿಗೆ ಹರಡಲು ಶುರು. ಎದ್ದ ಮೇಲೆ ಇನ್ನೂ 4 ದಿನ.

ಹಾಗಾಗಿ ಗೋಡೆ ಮೇಲಿನ ಕ್ಯಾಲೆಂಡರ್ ಕೆಳಗಿಳಿಸಿ. ದದ್ದು ಎದ್ದ ದಿನಕ್ಕೆ ಸುತ್ತು ಹಾಕಿ. ಹಿಂದಕ್ಕೆ 4 ಮನೆ, ಮುಂದಕ್ಕೆ 4 ಮನೆ ಗೆರೆ ಎಳೆಯಿರಿ. ಶುಕ್ರವಾರ ಎದ್ದಿದ್ದರೆ ಸೋಮವಾರದಿಂದ ಮುಂದಿನ ಮಂಗಳವಾರದವರೆಗೆ. ಮುಂದಿನ ದಿನಗಳಲ್ಲಿ ಮಗು ಹೊಸಿಲು ದಾಟಬಾರದು, ಅದು ಸುಲಭ. ಹಿಂದಿನ ದಿನಗಳದ್ದೇ ಕಷ್ಟ. ಅವತ್ತೆಲ್ಲ ಮಗು ಎಲ್ಲೆಲ್ಲಿತ್ತು ಅಂತ ನೆನಪು ಮಾಡಿಕೊಂಡು ಬರೆಯಬೇಕು.

ಇದನ್ನು ಒಬ್ಬರೇ ಕೂತು ಮಾಡಬೇಡಿ. ಒಂದು ಮನೆಯಲ್ಲಿ ತಾಯಿ "ಎಲ್ಲೂ ಕರ್ಕೊಂಡು ಹೋಗಿಲ್ಲ ಸಿಸ್ಟರ್, ಮನೇಲೇ ಇದ್ದ" ಅಂದಳು. ಒಳಗಿಂದ ಅತ್ತೆ ಕೂಗಿದರು, "ಮಂಗಳವಾರ ನಾಮಕರಣಕ್ಕೆ ಎತ್ಕೊಂಡು ಹೋಗಿರ್ಲಿಲ್ವೇನೇ?" ನಾಮಕರಣ ಅಂದರೆ ಹಸುಗೂಸು, ಬಾಣಂತಿ, ಜೊತೆಗೆ ಓಣಿಯ ಮಕ್ಕಳೆಲ್ಲ. ನನ್ನ ಪಟ್ಟಿಯಲ್ಲಿ ಆ ಮನೆಯೇ ಮೊದಲು ಸೇರಿತು.

"ನಾವು ಮುಟ್ಟೇ ಇಲ್ಲ, ನಮಗೆ ಹೇಗೆ ಬರುತ್ತೆ?" ಅಂತ ವಾದ ಮಾಡುವವರು ಬಹಳ. ಮುಟ್ಟಬೇಕಾಗಿಯೇ ಇಲ್ಲ. ಅಡುಗೆಮನೆಯಲ್ಲಿ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದರೆ ನಡುಮನೆಯಲ್ಲಿ ಕೂತವರು ಕೆಮ್ಮುತ್ತಾರೆ, ಒಲೆ ಆರಿದ ಮೇಲೂ ಘಾಟು ನಿಂತಿರುತ್ತದೆ, ಅಲ್ವಾ? ದಡಾರದ ವೈರಸ್ಸೂ ಹಾಗೇ. ಮಗು ಕೆಮ್ಮಿ ಎದ್ದು ಹೋದ ಮೇಲೆ ಆ ಕೋಣೆಯ ಗಾಳಿಯಲ್ಲಿ 2 ಗಂಟೆವರೆಗೂ ಇರಬಲ್ಲದು. ಲಸಿಕೆ ಹಾಕಿಸಿಕೊಳ್ಳದ, ಹಿಂದೆ ಬಂದೂ ಇಲ್ಲದ 10 ಜನ ಜೊತೆಯಲ್ಲಿದ್ದರೆ 9 ಜನಕ್ಕೆ ಅಂಟುತ್ತದೆ. ಬರೀ ಕೈ ತೊಳೆದರೆ ಸಾಲದು, ಕಿಟಕಿ ತೆಗೆಯಬೇಕು. ಎರಡು ವರ್ಷ ದಾಟಿದ ಮಗುವಾದರೆ, ಆಸ್ಪತ್ರೆಗೆ ಹೊರಡುವಾಗ ಮಾಸ್ಕ್ ಹಾಕಿ. ಹೋಗುವ ಮೊದಲು ಫೋನ್ ಮಾಡಿ, ಒಳಗಿನ ಬೆಂಚಿನ ಮೇಲೆ ಕಾಯದೆ ಹೊರಗೇ ನಿಂತಿರಿ.

ದದ್ದು ಏಳುವ ಮೊದಲೇ ಅನುಮಾನ ಬರಬೇಕಾದ ಲಕ್ಷಣ ಹೀಗೆ: ಜೋರು ಜ್ವರ, ಕೆಮ್ಮು, ಸುರಿಯುವ ಮೂಗು, ಕೆಂಪಾಗಿ ನೀರಾಡುವ ಕಣ್ಣು. ಬಾಯಿ ತೆರೆಸಿ ಟಾರ್ಚ್ ಬಿಟ್ಟರೆ ಕೆನ್ನೆಯ ಒಳಬದಿ ಉಪ್ಪಿನ ಹರಳಿನಷ್ಟು ಸಣ್ಣ ಬಿಳಿ ಚುಕ್ಕೆ ಕಾಣಬಹುದು. ಆಮೇಲೆ ಕಿವಿಯ ಹಿಂದೆ, ಕೂದಲ ಅಂಚಿನಲ್ಲಿ ದದ್ದು ಎದ್ದು, ಮುಖದಿಂದ ಎದೆಗೆ, ಕಾಲಿಗೆ ಇಳಿಯುತ್ತದೆ. ನೀರು ತುಂಬಿದ ಗುಳ್ಳೆಯಾದರೆ ಅದು ಸೀತಾಳೆ ಸಿಡುಬು, ಅದರ ಲೆಕ್ಕವೇ ಬೇರೆ.

ದಿನ ಎಣಿಸುವ ಈ ಪದ್ಧತಿಗೆ ಒಂದು ಹಳೇ ಕತೆ ಇದೆ, ತರಬೇತಿಯಲ್ಲಿ ಡಾಕ್ಟರೊಬ್ಬರು ಹೇಳಿದ್ದು. 1846ರಲ್ಲಿ ಅಟ್ಲಾಂಟಿಕ್ ಸಾಗರದ ಫೆರೋ ದ್ವೀಪಗಳಿಗೆ ದಡಾರ ನುಗ್ಗಿತು. ಅಲ್ಲಿದ್ದ ಸುಮಾರು 7,800 ಜನರಲ್ಲಿ ಸುಮಾರು 6,000 ಜನ ಮಲಗಿದರು. ಪನುಮ್ ಎಂಬ ಡೆನ್ಮಾರ್ಕಿನ ಎಳೆ ವಯಸ್ಸಿನ ಡಾಕ್ಟರು ದೋಣಿಯಲ್ಲಿ ಹಳ್ಳಿ ಹಳ್ಳಿಗೆ ಹೋಗಿ, ಯಾರು ಯಾವತ್ತು ಯಾರ ಮನೆಗೆ ಹೋಗಿದ್ದರು ಅಂತ ಕೇಳಿ ಬರೆದುಕೊಂಡರು. ಸೋಂಕು ತಗುಲಿದ 13-14 ದಿನಕ್ಕೆ ದದ್ದು ಏಳುತ್ತದೆ ಅಂತ ಗೊತ್ತಾಗಿದ್ದು ಹಾಗೆ. 1781ರಲ್ಲಿ ಒಮ್ಮೆ ದಡಾರ ಬಂದು ವಾಸಿಯಾಗಿದ್ದ ಮುದುಕರಿಗೆ ಈ ಸಲ ಬರಲೇ ಇಲ್ಲ. 65 ವರ್ಷ ಕಳೆದರೂ! ಅದಕ್ಕೇ ಮಗುವಿನ ಜೊತೆ ಮಲಗಲು ಮನೆಯಲ್ಲಿ ಹಿಂದೆ ದಡಾರ ಬಂದವರನ್ನೋ, ಎರಡು ಡೋಸ್ ಆದವರನ್ನೋ ಬಿಡಿ. ಬಸುರಿ, ಹಸುಗೂಸು ಬೇರೆ ಕಡೆ ಇರಲಿ.

ಪಟ್ಟಿ ಸಿಕ್ಕಿತು. ಈಗ ಓಡಬೇಕಾದ್ದು ಗಡಿಯಾರದ ಜೊತೆ. ಸೋಂಕಿನ ಮಗುವಿನ ಹತ್ತಿರ ಇದ್ದ 72 ಗಂಟೆಯೊಳಗೆ ಎಂಆರ್ (ದಡಾರ-ರುಬೆಲ್ಲಾ) ಲಸಿಕೆ ಬಿದ್ದರೆ ಕಾಯಿಲೆ ತಪ್ಪಬಹುದು, ಇಲ್ಲವೇ ಹಗುರವಾಗಬಹುದು. ಆಶಾ ಅಕ್ಕನಿಗೆ ಅವತ್ತೇ ಫೋನ್ ಮಾಡಿ. "ಹೇಳಿದ್ರೆ ಊರಲ್ಲಿ ಮರ್ಯಾದೆ ಹೋಗುತ್ತೆ" ಅನ್ನಬೇಡಿ. 9 ತಿಂಗಳು ತುಂಬದ, ಮಾಮೂಲಿ ಲಸಿಕೆಗೆ ಇನ್ನೂ ಕಾಯುತ್ತಿರುವ ಕೂಸುಗಳು ಪಕ್ಕದ ಮನೆಯಲ್ಲೇ ಇರುತ್ತವೆ. ಅವಕ್ಕೆ ಏನು ಮಾಡಬೇಕು ಅಂತ ಡಾಕ್ಟರು ತೀರ್ಮಾನಿಸುತ್ತಾರೆ.

ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುವುದಕ್ಕೆ ನನ್ನ ತಕರಾರಿಲ್ಲ. ಅದನ್ನು ನೋಡಿ ಹೊರಗಿನವರು ಒಳಗೆ ಬರದೆ ವಾಪಸ್ ಹೋದರೆ ನನ್ನ ಅರ್ಧ ಕೆಲಸ ಆದ ಹಾಗೇ. ನನ್ನ ಜಗಳ ಇರುವುದು ಎಳನೀರು ಹಿಡಿದು ಮಗು ನೋಡಲು ಬರುವ ನೆಂಟರ ಜೊತೆ, ಅವರು ತಮ್ಮ ಮಕ್ಕಳನ್ನೂ ಕಟ್ಟಿಕೊಂಡು ಬರುತ್ತಾರೆ! ಇನ್ನೊಂದು ಜಗಳ ಪಥ್ಯದ್ದು. ಬರೀ ತಿಳಿಗಂಜಿ ಕೊಟ್ಟು ಮಗುವನ್ನು ಸೊರಗಿಸಬೇಡಿ. ಬೇಳೆ, ಮೊಟ್ಟೆ, ತುಪ್ಪದ ಅನ್ನ, ಹಣ್ಣು, ಮಗು ತಿಂದಷ್ಟು ಕೊಡಿ. ಎದೆಹಾಲು ನಿಲ್ಲಿಸಲೇಬೇಡಿ. ದಡಾರ ಹೋದ ಮೇಲೂ ಮೈಯ ರೋಗ ತಡೆಯುವ ಶಕ್ತಿ ತಿಂಗಳುಗಟ್ಟಲೆ ಕುಗ್ಗಿರುತ್ತದೆ.

ಇದಕ್ಕೆ ನೇರವಾದ ಔಷಧಿ ಇಲ್ಲ. ಜ್ವರಕ್ಕೆ ತೂಕ ನೋಡಿ ಡಾಕ್ಟರು ಬರೆದ ಪ್ಯಾರಾಸಿಟಮಾಲ್, ಭೇದಿಗೆ ಓಆರ್‌ಎಸ್. ಆದರೆ ವಿಟಮಿನ್ ಎ ಮಾತ್ರ ಕೇಳಿ ಹಾಕಿಸಿ, ಎರಡು ದಿನ ಒಂದರ ಹಿಂದೊಂದು. ಅದರಿಂದ ಕಣ್ಣು ಉಳಿಯುತ್ತದೆ, ಜೀವವೂ ಉಳಿಯುತ್ತದೆ. ಪ್ರಮಾಣ ವಯಸ್ಸಿನ ಮೇಲೆ ಬದಲಾಗುತ್ತದೆ, ಸುಮ್ನೆ ಅಂಗಡಿಯಿಂದ ತಂದು ಕುಡಿಸಬೇಡಿ. ಏದುಸಿರು, ಉಸಿರೆಳೆದಾಗ ಪಕ್ಕೆ ಒಳಗೆ ಹೋಗುವುದು, ಫಿಟ್ಸ್, ಕುಡಿದದ್ದೆಲ್ಲ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಕಣ್ಣಿನ ಗುಡ್ಡೆ ಮಸುಕು, ಇದರಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ.

ಮನೆಯ ಬೇರೆ ಮಕ್ಕಳ ತಾಯಿ ಕಾರ್ಡ್ ತೆಗೆದು ನೋಡಿ. ಎಂಆರ್ ಮೊದಲ ಡೋಸ್ 9 ತಿಂಗಳು ತುಂಬಿದಾಗ, ಎರಡನೆಯದು 16ರಿಂದ 24 ತಿಂಗಳೊಳಗೆ. ಎರಡನೆಯದನ್ನು ಮರೆಯುವವರೇ ಜಾಸ್ತಿ. ತಪ್ಪಿಹೋಗಿದ್ದರೆ 5 ವರ್ಷದವರೆಗೂ ಸರ್ಕಾರಿ ಲೆಕ್ಕದಲ್ಲೇ ಹಾಕುತ್ತಾರೆ. ಕಾರ್ಡ್ ಕಳೆದಿದ್ದರೂ ಬನ್ನಿ, ರಿಜಿಸ್ಟರ್ ನಮ್ಮ ಹತ್ತಿರ ಇರುತ್ತದೆ. ಬರುವುದಾದರೆ ಬೆಳಿಗ್ಗೆಯೇ ಬನ್ನಿ. ಒಂದು ಬಾಟಲಿಯಲ್ಲಿ ಹಲವು ಮಕ್ಕಳ ಡೋಸ್ ಇರುತ್ತದೆ, ಪುಡಿಗೆ ನೀರು ಬೆರೆಸಿದ ಮೇಲೆ 4 ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಎಸೆಯಬೇಕು.