ಅರ್ಥವಾಗದ ಗ್ರಾಫನ್ನೇ ಅನಾಹೈಮ್‌ಗೆ ಹೊತ್ತುಕೊಂಡು ಹೋದೆ

ಭೌತವಿಜ್ಞಾನ ಸಮ್ಮೇಳನವೊಂದರಲ್ಲಿ ಮಾತಾಡಲು ನನಗೆ ಕೊಟ್ಟಿದ್ದ ಹೊತ್ತು ಬುಧವಾರ ಬೆಳಗ್ಗೆ 9 ಗಂಟೆ 24 ನಿಮಿಷ. ಹತ್ತು ನಿಮಿಷ ಮಾತು, ಎರಡು ನಿಮಿಷ ಪ್ರಶ್ನೆ. 9:36ಕ್ಕೆ ಮುಂದಿನವರು ಬಂದು ನಿಲ್ಲುತ್ತಾರೆ. ಇಷ್ಟಕ್ಕಾಗಿ ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾದ ಅನಾಹೈಮ್‌ವರೆಗೆ ಹೋಗಬೇಕಾ ಅಂತ ಮನೆಯಲ್ಲಿ ಕೇಳಿದ್ದರು. ಹೋಗಬೇಕು ಅಂತ ಈಗ ಧೈರ್ಯವಾಗಿ ಹೇಳುತ್ತೇನೆ. ಯಾಕೆ ಅಂತ ಬರೆಯುವುದಕ್ಕೇ ಕೂತಿದ್ದೇನೆ. ಮುಂದೆ ಹೋಗುವವರಿಗೆ ಒಂದಿಷ್ಟು ಉಪಯೋಗವಾದರೂ ಆಗಲಿ.

ಅದು 2025ರ ಮಾರ್ಚ್ 16ರಿಂದ 21ರವರೆಗೆ ನಡೆದ ಗ್ಲೋಬಲ್ ಫಿಸಿಕ್ಸ್ ಸಮಿಟ್. ಅಮೆರಿಕನ್ ಫಿಸಿಕಲ್ ಸೊಸೈಟಿಯವರು ಮಾರ್ಚ್‌ನಲ್ಲಿ ಒಂದು, ಏಪ್ರಿಲ್‌ನಲ್ಲಿ ಒಂದು ಅಂತ ಬೇರೆ ಬೇರೆ ನಡೆಸುತ್ತಿದ್ದ ಎರಡು ಸಮ್ಮೇಳನಗಳನ್ನು ಆ ವರ್ಷ ಒಂದೇ ಮಾಡಿದ್ದರು. 1925ರಲ್ಲಿ ಜರ್ಮನಿಯ ಭೌತವಿಜ್ಞಾನಿ ಹೈಸನ್‌ಬರ್ಗ್ ಕ್ವಾಂಟಮ್ ಮೆಕ್ಯಾನಿಕ್ಸ್‌ಗೆ, ಅಂದರೆ ಪರಮಾಣುಗಳಂಥ ಸೂಕ್ಷ್ಮ ಲೋಕದ ಭೌತವಿಜ್ಞಾನಕ್ಕೆ, ದಾರಿ ತೋರಿಸಿದ ಲೇಖನ ಬರೆದು ಅದೇ ವರ್ಷ ನೂರು ವರ್ಷ ತುಂಬುವುದಿತ್ತು. ವಿಶ್ವಸಂಸ್ಥೆ 2025ನ್ನು ಕ್ವಾಂಟಮ್ ವಿಜ್ಞಾನ ಮತ್ತು ತಂತ್ರಜ್ಞಾನದ ಅಂತರರಾಷ್ಟ್ರೀಯ ವರ್ಷ ಅಂತ ಘೋಷಿಸಿತ್ತು. ಹಾಗಾಗಿ ಆ ಸಲ ಜಾತ್ರೆಯ ಕಳೆಯೇ ಬೇರೆ. ಬಂದಿದ್ದವರು 14,000ಕ್ಕೂ ಹೆಚ್ಚು ಜನ.

ನನ್ನ ಕೆಲಸ ಸೂಪರ್‌ಕಂಡಕ್ಟಿಂಗ್ ಕ್ಯೂಬಿಟ್‌ಗಳ ಮೇಲೆ. ಅಂದರೆ ತಡೆಯಿಲ್ಲದೆ ವಿದ್ಯುತ್ ಹರಿಯುವ ಲೋಹದಿಂದ ಮಾಡಿದ, ಕ್ವಾಂಟಮ್ ಕಂಪ್ಯೂಟರ್‌ನ ಮೂಲ ಘಟಕಗಳು. ಉಗುರಿನಷ್ಟು ಅಗಲದ ಸಿಲಿಕಾನ್ ಚಿಪ್. ಅದರ ಮೇಲೆ ಅಲ್ಯೂಮಿನಿಯಂನ ಎರಡು ತೆಳು ಪದರ, ನಡುವೆ ಒಂದೆರಡು ನ್ಯಾನೋಮೀಟರ್ ದಪ್ಪದ ಅಲ್ಯೂಮಿನಿಯಂ ಆಕ್ಸೈಡ್. ಇದನ್ನು ಡೈಲ್ಯೂಷನ್ ಫ್ರಿಜ್ ಒಳಗೆ 10 ಮಿಲಿಕೆಲ್ವಿನ್‌ವರೆಗೆ ತಣ್ಣಗೆ ಮಾಡುತ್ತೇವೆ. ಅಂದರೆ ನಿರಪೇಕ್ಷ ಶೂನ್ಯಕ್ಕಿಂತ ಬರೀ ನೂರನೇ ಒಂದು ಡಿಗ್ರಿ ಮೇಲೆ. ನಕ್ಷತ್ರಗಳ ನಡುವಿನ ಖಾಲಿ ಆಕಾಶ ಕೂಡ 2.7 ಕೆಲ್ವಿನ್ ಇರುತ್ತದೆ, ನಮ್ಮ ಚಿಪ್‌ಗಿಂತ ಇನ್ನೂರೈವತ್ತು ಪಟ್ಟಿಗೂ ಜಾಸ್ತಿ ಬಿಸಿ!

ಈ ಕ್ಯೂಬಿಟ್‌ಗೆ ಸೊನ್ನೆ, ಒಂದು ಅಂತ ಎರಡು ಸ್ಥಿತಿ. ಮೈಕ್ರೋವೇವ್ ಪಲ್ಸ್ ಕೊಟ್ಟು 'ಒಂದು'ಕ್ಕೆ ಏರಿಸಿದರೆ ಅದು ಸ್ವಲ್ಪ ಹೊತ್ತು ಅಲ್ಲಿದ್ದು ಕೆಳಗೆ ಬೀಳುತ್ತದೆ. ಆ ಹೊತ್ತಿಗೆ ಟಿ1 ಅನ್ನುತ್ತೇವೆ. ನಮ್ಮದು ಸುಮಾರು 60 ಮೈಕ್ರೋಸೆಕೆಂಡ್. ಆದರೆ ಒಂದೊಂದು ರಾತ್ರಿ ಇದ್ದಕ್ಕಿದ್ದಂತೆ 20ಕ್ಕೆ ಇಳಿಯುತ್ತಿತ್ತು. ಬೆಳಗ್ಗೆ ತಾನಾಗಿಯೇ ಮೇಲೆ ಬರುತ್ತಿತ್ತು. ಈ ನಿಧಾನದ ಏರಿಳಿತ ಹೊಸದಲ್ಲ. ಆಕ್ಸೈಡ್‌ನೊಳಗಿನ ಸಣ್ಣ ಸಣ್ಣ ದೋಷಗಳು ಕ್ಯೂಬಿಟ್‌ನ ಶಕ್ತಿಯನ್ನು ಕದಿಯುತ್ತವೆ ಅಂತ ಹಲವು ಲ್ಯಾಬ್‌ಗಳು ತೋರಿಸಿವೆ. ನನ್ನನ್ನು ಕಾಡಿದ್ದು ಅದರ ಮೇಲೆ ಕೂತಿದ್ದ ಇನ್ನೊಂದು ವಿಷಯ. ಏರಿಳಿತ ಇಲ್ಲದ ಒಳ್ಳೆಯ ದಿನಗಳಲ್ಲೂ ಕ್ಯೂಬಿಟ್‌ನಲ್ಲಿ ಒಂದಿಷ್ಟು ತಪ್ಪು (ಇರಬೇಕಾದ ಸ್ಥಿತಿಯಲ್ಲಿ ಇಲ್ಲದಿರುವುದು) ಉಳಿದೇ ಉಳಿಯುತ್ತಿತ್ತು. ಅದಕ್ಕೆ ಲೆಕ್ಕ ಸಿಗುತ್ತಿರಲಿಲ್ಲ. ಎಂಟು ತಿಂಗಳು ಅದರ ಹಿಂದೆ ಬಿದ್ದಿದ್ದೆ.

ಸಮ್ಮೇಳನಕ್ಕೆ ಸಾರಾಂಶ ಕಳಿಸಬೇಕಾಗಿದ್ದು ಅಕ್ಟೋಬರ್‌ನಲ್ಲಿ. ನನ್ನ ಕೈಯಲ್ಲಿ ಎರಡು ವಿಷಯ ಇದ್ದವು. ಒಂದು, ಚೆನ್ನಾಗಿ ಮುಗಿದ, ಅಚ್ಚುಕಟ್ಟಾದ ಕೆಲಸ. ಇನ್ನೊಂದು, ಲೆಕ್ಕ ಸಿಗದ ಈ ತಪ್ಪಿನ ಗ್ರಾಫ್. ಮುಗಿದದ್ದನ್ನು ಹೇಳುವುದು ಸುಲಭ, ಸುರಕ್ಷಿತ. ಗೈಡ್ ಕೂಡ ಮೊದಲು ಅದನ್ನೇ ಹೇಳಿದರು. ನಾನು ಎರಡು ದಿನ ಯೋಚಿಸಿ, "ಸರ್, ಅದು ಹೇಗಿದ್ದರೂ ಪೇಪರ್ ಆಗಿ ಬರುತ್ತೆ. ಓದುವವರು ಓದುತ್ತಾರೆ. ಈ ಗ್ರಾಫ್‌ಗೆ ಉತ್ತರ ಗೊತ್ತಿರುವವರು ಯಾರಾದರೂ ಇದ್ದರೆ ಅವರು ಆ ಕಟ್ಟಡದಲ್ಲಿ ಇರುತ್ತಾರೆ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಸರಿ ಅಂದರು. ಇಡೀ ಪ್ರವಾಸದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಯಾವುದು ಅಂದರೆ ಅದೇ.

ವೀಸಾ, ದುಡ್ಡು ಇವುಗಳ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಡಿಎಸ್-160 ಫಾರ್ಮ್ ತುಂಬಿಸಿ, 185 ಡಾಲರ್ ಕಟ್ಟಿ, ಸಂದರ್ಶನಕ್ಕೆ ಚೆನ್ನೈಗೆ ರಾತ್ರಿ ರೈಲಿನಲ್ಲಿ ಹೋಗಿ ಬಂದೆ. ಒಂದೇ ಮಾತು ಹೇಳುತ್ತೇನೆ. ಕ್ವಾಂಟಮ್ ಅಂದ ಕೂಡಲೇ ಕೌಂಟರ್‌ನಲ್ಲಿ ಪ್ರಶ್ನೆಗಳು ಜಾಸ್ತಿ ಬರಬಹುದು, ಕಾಗದಪತ್ರ ನೋಡಲು ದಿನಗಳೂ ಹಿಡಿಯಬಹುದು. ಸಾರಾಂಶ ಒಪ್ಪಿಗೆಯಾದ ದಿನವೇ ಅರ್ಜಿ ಹಾಕಿ. ನಿಮ್ಮ ಸಂಶೋಧನೆ ಏನು ಅಂತ ಮೂರು ಸರಳ ವಾಕ್ಯದಲ್ಲಿ ಹೇಳಲು ಬರಬೇಕು. ಪ್ರಯಾಣದ ಖರ್ಚಿಗೂ ಅಷ್ಟೇ, ಅರ್ಜಿಗಳನ್ನು ತಿಂಗಳುಗಟ್ಟಲೆ ಮೊದಲೇ ಹಾಕಬೇಕು.

ಮಾತಿನ ತಯಾರಿ ಶುರುವಾಗಿದ್ದು ಸಾಗರದ ನಮ್ಮ ಮನೆಯ ಅಡುಗೆಮನೆಯಲ್ಲಿ. ಹತ್ತನೇ ತರಗತಿವರೆಗೆ ನಾನು ಓದಿದ್ದು ಕನ್ನಡ ಮಾಧ್ಯಮ. ಯಾವುದೇ ವಿಷಯ ಕನ್ನಡದಲ್ಲಿ ಹೇಳಲು ಬಂದರೆ ಮಾತ್ರ ನನಗೆ ಅರ್ಥವಾಗಿದೆ ಅಂತ ನಂಬಿಕೆ. ಸಂಕ್ರಾಂತಿಗೆ ಊರಿಗೆ ಹೋದಾಗ ಅಮ್ಮ ಎಳ್ಳು ಹುರಿಯುತ್ತಿದ್ದರು. ನಾನು ಪಕ್ಕದಲ್ಲಿ ಕೂತು, ದೇವಸ್ಥಾನದ ಗಂಟೆ ಹೊಡೆದರೆ ನಾದ ಸ್ವಲ್ಪ ಹೊತ್ತು ನಿಲ್ಲುತ್ತೆ ಅಲ್ವಾ, ನಾವು ಅಳೆಯೋದು ಆ ಹೊತ್ತನ್ನೇ ಅಂದೆ. "ಒಂದೇ ಗಂಟೆ, ಒಂದೇ ಹೊಡೆತ. ಆದರೂ ಒಂದೊಂದು ಸಲ ಬೇಗ ನಿಂತುಹೋಗುತ್ತೆ ಅಮ್ಮ."

"ಹಾಗಾದ್ರೆ ಯಾರೋ ಕೈ ತಾಗಿಸ್ತಾರೆ ಕಣೇ" ಅಂದರು ಅಮ್ಮ, ಬಾಣಲೆಯಿಂದ ಕಣ್ಣು ತೆಗೆಯದೆ. "ಯಾವಾಗ ತಾಗಿಸ್ತಾರೆ ಅಂತ ನೋಡಿದ್ಯಾ?"

ನೋಡಿರಲಿಲ್ಲ. ಎಷ್ಟು ಹೊತ್ತು ಅಂತ ಸಾವಿರಾರು ಸಲ ಅಳೆದಿದ್ದೆ. ಯಾವಾಗ ಅಂತ ಅಳೆದಿರಲಿಲ್ಲ. ಆಗ ಅದು ತಲೆಗೆ ಪೂರ್ತಿ ಹೋಗಲಿಲ್ಲ. ಗಂಟೆಯ ಹೋಲಿಕೆ ಮಾತ್ರ ಹಿಡಿಸಿತು. ನನ್ನ ಮಾತಿನ ಮೊದಲ ಸ್ಲೈಡ್ ಅದೇ ಆಯಿತು. ಹದಿನೆಂಟು ಸ್ಲೈಡ್ ಇದ್ದದ್ದನ್ನು ಎಂಟಕ್ಕೆ ಇಳಿಸಿದೆ. ಹತ್ತು ನಿಮಿಷಕ್ಕೆ ಎಂಟೂ ಜಾಸ್ತಿಯೇ. ಗಡಿಯಾರ ಇಟ್ಟುಕೊಂಡು ಹಾಸ್ಟೆಲ್ ಟೆರೇಸ್ ಮೇಲೆ ಇಪ್ಪತ್ತು ಸಲವಾದರೂ ಹೇಳಿ ನೋಡಿದ್ದೇನೆ.

ಅನಾಹೈಮ್ ಕನ್ವೆನ್ಷನ್ ಸೆಂಟರ್ ಡಿಸ್ನಿಲ್ಯಾಂಡ್‌ನ ಎದುರುಬದುರು. ಒಂದು ಕಡೆ ಮಕ್ಕಳನ್ನು ಕರೆದುಕೊಂಡು ಹೋಗುವ ಸಂಸಾರಗಳು, ಇನ್ನೊಂದು ಕಡೆ ಕೊರಳಲ್ಲಿ ಬ್ಯಾಡ್ಜ್ ಹಾಕಿಕೊಂಡ ಭೌತವಿಜ್ಞಾನಿಗಳ ಹಿಂಡು. ಮೊದಲ ಎರಡು ದಿನ ನಾನು ಕೋಣೆಯಿಂದ ಕೋಣೆಗೆ ಓಡಿದೆ. ಒಂದೇ ಹೊತ್ತಿಗೆ ಹತ್ತಾರು ಕೋಣೆಗಳಲ್ಲಿ ಮಾತು ನಡೆಯುತ್ತಿರುತ್ತದೆ. ಆ್ಯಪ್‌ನಲ್ಲಿ ಇಷ್ಟವಾದದ್ದಕ್ಕೆಲ್ಲ ಗುರುತು ಹಾಕಿಕೊಂಡಿದ್ದೆ. ಇಲ್ಲಿ ಹನ್ನೆರಡು ನಿಮಿಷ, ಅಲ್ಲಿ ಹನ್ನೆರಡು ನಿಮಿಷ. ಸಂಜೆ ನೋಡಿದರೆ ತಲೆಯಲ್ಲಿ ಏನೂ ಉಳಿದಿಲ್ಲ, ಕಾಲು ಮಾತ್ರ ನೋಯುತ್ತಿತ್ತು. ಮೂರನೇ ದಿನದಿಂದ ಹಾಗೆ ಮಾಡಲಿಲ್ಲ. ಬೆಳಗ್ಗೆ ಒಂದು ಕೋಣೆ ಆರಿಸಿಕೊಂಡು ಮೂರು ಗಂಟೆ ಅಲ್ಲೇ ಕೂರುತ್ತಿದ್ದೆ, ಮುಂದಿನ ಸಾಲಿನಲ್ಲಿ. ಹಾಗೆ ಕೂತರೆ ಒಬ್ಬರ ಮಾತಿಗೂ ಇನ್ನೊಬ್ಬರ ಮಾತಿಗೂ ಇರುವ ಜಗಳ ಕಾಣಿಸುತ್ತದೆ. ಅದೇ ಜಾಸ್ತಿ ಕಲಿಸುತ್ತದೆ.

ಜಗಳ ಅಂದರೆ ನೆನಪಾಗುತ್ತದೆ. ಮಂಗಳವಾರ ಮೈಕ್ರೋಸಾಫ್ಟ್‌ನ ಚೇತನ್ ನಾಯಕ್ ಅವರ ಮಾತಿತ್ತು. ಟೋಪಲಾಜಿಕಲ್ ಕ್ಯೂಬಿಟ್ (ತಪ್ಪುಗಳು ತಾನಾಗಿಯೇ ಕಡಿಮೆ ಇರುತ್ತವೆ ಅನ್ನುವ ಬಗೆಯದು) ಇರುವ ಚಿಪ್ ಮಾಡಿದ್ದೇವೆ ಅಂತ ಅವರ ಕಂಪನಿ ಫೆಬ್ರವರಿಯಲ್ಲಿ ಹೇಳಿತ್ತು. ಆ ಬಗ್ಗೆ ಅನುಮಾನಗಳೂ ಎದ್ದಿದ್ದವು. ಕೋಣೆ ತುಂಬಿ ತುಳುಕುತ್ತಿತ್ತು. ಅವರು ಹೊಸ ಅಳತೆಗಳನ್ನು ತೋರಿಸಿದರು. ಡೇಟಾದಲ್ಲಿ ನಾಯ್ಸ್, ಅಂದರೆ ಬೇಡದ ಏರಿಳಿತ, ಜಾಸ್ತಿ ಇತ್ತು, ಪ್ರಶ್ನೆಗಳೂ ಬಂದವು. ಯಾರು ಸರಿ ಅಂತ ತೀರ್ಪು ಕೊಡುವ ಅನುಭವ ನನಗಿಲ್ಲ. ನನ್ನ ಮನಸ್ಸಿಗೆ ತಾಗಿದ್ದು ಬೇರೆ. ಅಷ್ಟು ದೊಡ್ಡ ಕಂಪನಿಯ ಕ್ವಾಂಟಮ್ ಹಾರ್ಡ್‌ವೇರ್ ವಿಭಾಗದ ಮುಖ್ಯಸ್ಥರೂ ಸ್ಕ್ರೀನ್ ಮುಂದೆ ನಿಂತು ಗ್ರಾಫ್ ತೋರಿಸಲೇಬೇಕು, ಕೇಳಿದ್ದಕ್ಕೆ ಉತ್ತರಿಸಲೇಬೇಕು. ನಾಳೆ ನಾನು ಮಾಡಬೇಕಾಗಿದ್ದೂ ಅದನ್ನೇ. ಆ ರಾತ್ರಿ ನನಗೆ ಒಂದು ಥರ ಸಮಾಧಾನ ಆಯಿತು.

ಬುಧವಾರ. ಸುಮಾರು ಎಪ್ಪತ್ತು ಜನ ಇದ್ದರು. ಗಂಟೆಯ ಚಿತ್ರದಿಂದ ಶುರು ಮಾಡಿದೆ. ಒಂಬತ್ತೂವರೆ ನಿಮಿಷಕ್ಕೆ ಮುಗಿಸಿ, ಕೊನೆಯ ಸ್ಲೈಡ್‌ನಲ್ಲಿ 'ಧನ್ಯವಾದ' ಅಂತ ಹಾಕುವ ಬದಲು ಆ ಗ್ರಾಫನ್ನೇ ಹಾಕಿ, "ಈ ತಪ್ಪು ಎಲ್ಲಿಂದ ಬರುತ್ತಿದೆ ಅಂತ ನನಗೆ ಗೊತ್ತಿಲ್ಲ, ನಿಮಗೆ ಗೊತ್ತಿದ್ದರೆ ಹೇಳಿ" ಅಂದೆ. ಬಾಯಿ ಒಣಗಿತ್ತು. ಹಾಗೆ ಹೇಳಿದ ಮೇಲೆ ಏಕೋ ಹಗುರ ಆಯಿತು.

ಎರಡು ನಿಮಿಷದಲ್ಲಿ ಒಂದು ಪ್ರಶ್ನೆಗೆ ಮಾತ್ರ ಹೊತ್ತಿತ್ತು, ಅದು ಚಿಪ್ ತಯಾರಿಕೆಯ ಬಗ್ಗೆ. ಆದರೆ ನಾನು ಹೊರಗೆ ಬರುವಷ್ಟರಲ್ಲಿ ಬಾಗಿಲ ಹತ್ತಿರ ಮೂವರು ಕಾಯುತ್ತಿದ್ದರು. ಅವರಲ್ಲಿ ನಡುವಯಸ್ಸಿನ ಒಬ್ಬರು ನನ್ನ ನೋಟ್‌ಬುಕ್ ತೆಗೆದುಕೊಂಡು ಲೆಕ್ಕ ಹಾಕಲು ಶುರು ಮಾಡಿದರು. ಒಂದು ಟಿ1 ಗೆರೆ ಎಳೆಯಲು ಎಷ್ಟು ಹೊತ್ತು ಬೇಕು? ಮೂವತ್ತು ಬಿಂದು, ಒಂದೊಂದಕ್ಕೆ ಸಾವಿರ ಸಲ, ಒಂದು ಸಲಕ್ಕೆ ಹೆಚ್ಚುಕಮ್ಮಿ 0.7 ಮಿಲಿಸೆಕೆಂಡ್. ಒಟ್ಟು 21 ಸೆಕೆಂಡ್. "ನಿಮ್ಮ ಫ್ರಿಜ್‌ನ ಪಲ್ಸ್ ಟ್ಯೂಬ್ ಸೆಕೆಂಡಿಗೆ ಎಷ್ಟು ಸಲ ಬಡಿಯುತ್ತದೆ?" ಅಂತ ಕೇಳಿದರು.

1.4 ಸಲ.

ಅಷ್ಟು ಹೇಳುವಾಗಲೇ ನನಗೆ ಹೊಳೆಯಿತು. ಪಲ್ಸ್ ಟ್ಯೂಬ್ ಅಂದರೆ ಫ್ರಿಜ್‌ನ ಮೊದಲ ಹಂತವನ್ನು ತಣ್ಣಗೆ ಮಾಡುವ ಯಂತ್ರ. ಹೀಲಿಯಂ ಅನಿಲವನ್ನು ಒತ್ತುತ್ತದೆ, ಬಿಡುತ್ತದೆ. ನಮ್ಮ ಲ್ಯಾಬ್‌ಗೆ ಕಾಲಿಟ್ಟರೆ ಮೊದಲು ಕೇಳಿಸುವುದೇ ಅದರ ಚೊಂಯ್, ಚೊಂಯ್ ಸದ್ದು. ಹಗಲೂ ರಾತ್ರಿ ನಿಲ್ಲುವುದಿಲ್ಲ. ನಾಲ್ಕು ವರ್ಷ ಪಕ್ಕದಲ್ಲೇ ಕೂತು ಆ ಸದ್ದು ನನ್ನ ಕಿವಿಗೆ ಬೀಳುವುದೇ ನಿಂತುಹೋಗಿತ್ತು. ಪ್ರತಿ ಬಡಿತಕ್ಕೂ ಚಿಪ್ ಒಂದಿಷ್ಟು ನಡುಗಿ, ಆ ಕ್ಷಣ ಮಾತ್ರ ತಪ್ಪು ಮಾಡುತ್ತಿದ್ದರೆ? 21 ಸೆಕೆಂಡಿನ ಸರಾಸರಿಯಲ್ಲಿ ಅಂಥ ಮೂವತ್ತು ಬಡಿತ ಕರಗಿಹೋಗುತ್ತವೆ. ಕಾಣಿಸುವುದಾದರೂ ಹೇಗೆ! ಅವರು ಹೇಳಿದ್ದು ಎರಡೇ. ಸರಾಸರಿ ತೆಗೆಯಬೇಡಿ, ಒಂದೊಂದು ಅಳತೆಗೂ ಅದರ ಗಳಿಗೆ ಬರೆದಿಡಿ. ಆಮೇಲೆ ಪಲ್ಸ್ ಟ್ಯೂಬ್ ಕೆಲವು ನಿಮಿಷ ಆಫ್ ಮಾಡಿ ಅದನ್ನೇ ಮತ್ತೆ ಅಳೆಯಿರಿ.

ಅಮ್ಮ ಕೇಳಿದ್ದೂ ಅದೇ ಅಲ್ವಾ, ಯಾವಾಗ ಅಂತ.

ಅಲ್ಲಿ ಬೆಳಗ್ಗೆ ಹತ್ತೂವರೆ ಅಂದರೆ ಬೆಂಗಳೂರಿನಲ್ಲಿ ರಾತ್ರಿ ಹನ್ನೊಂದು. ಲ್ಯಾಬ್‌ನಲ್ಲಿ ಇಬ್ಬರು ಜೂನಿಯರ್‌ಗಳು ಇನ್ನೂ ಇದ್ದರು. ಕಾರಿಡಾರಿನ ಕಾರ್ಪೆಟ್ ಮೇಲೆ ಗೋಡೆಗೆ ಒರಗಿ ಕೂತು ಫೋನ್ ಮಾಡಿದೆ. "ಪಲ್ಸ್ ಟ್ಯೂಬ್ ಆಫ್ ಮಾಡೋದಾ ಅಕ್ಕಾ?" ಅಂತ ಅವರಲ್ಲೊಬ್ಬ ಗಾಬರಿಯಾದ. ಗಾಬರಿ ಸಹಜವೇ. ಜಾಸ್ತಿ ಹೊತ್ತು ಆಫ್ ಇದ್ದರೆ ಫ್ರಿಜ್ ಬಿಸಿಯಾಗಿ ಮತ್ತೆ ತಣ್ಣಗಾಗಲು ದಿನಗಳೇ ಬೇಕು. ಗೈಡ್‌ಗೆ ಫೋನ್ ಮಾಡಿ ಒಪ್ಪಿಗೆ ತೆಗೆದುಕೊಂಡೆವು. ನಾಲ್ಕು ನಿಮಿಷ, ಅದಕ್ಕಿಂತ ಒಂದು ಸೆಕೆಂಡ್ ಜಾಸ್ತಿ ಬೇಡ ಅಂದರು. ಮೊದಲು ಆನ್ ಇಟ್ಟು ಅಳೆದರು, ಆಮೇಲೆ ಆಫ್ ಮಾಡಿ ಅಳೆದರು.

ಮಧ್ಯಾಹ್ನ ಊಟದ ಹೊತ್ತಿಗೆ ಗ್ರಾಫ್ ಬಂತು. ನಾನು ಎಕ್ಸಿಬಿಷನ್ ಹಾಲ್‌ನಲ್ಲಿ ಅಮ್ಮ ಕಟ್ಟಿಕೊಟ್ಟಿದ್ದ ಚಟ್ನಿಪುಡಿಯನ್ನು ಬ್ರೆಡ್‌ಗೆ ಹಚ್ಚಿ ತಿನ್ನುತ್ತಿದ್ದೆ. ಆನ್ ಇದ್ದಾಗ ತಪ್ಪುಗಳು ಗುಂಪು ಗುಂಪಾಗಿ, ಸೆಕೆಂಡಿಗೆ 1.4ರ ತಾಳಕ್ಕೆ ಸರಿಯಾಗಿ ಬರುತ್ತಿದ್ದವು. ಆಫ್ ಮಾಡಿದ ಕೂಡಲೇ ಆ ಗುಂಪುಗಳು ಇಲ್ಲ. ಫೋನ್ ಪರದೆಯನ್ನು ಎರಡು ಬೆರಳಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದೆ. ಎಂಟು ತಿಂಗಳು ಹುಡುಕಿದ್ದು ನಾಲ್ಕು ನಿಮಿಷದಲ್ಲಿ ಸಿಕ್ಕಿತ್ತು. ಕಣ್ಣಲ್ಲಿ ನೀರು ಬಂತು. ಓಡಿಹೋಗಿ, ನನ್ನ ನೋಟ್‌ಬುಕ್‌ನಲ್ಲಿ ಲೆಕ್ಕ ಹಾಕಿದ್ದವರನ್ನು ಹುಡುಕಿದೆ. ಸಂಜೆ ಪೋಸ್ಟರ್ ಹಾಲ್‌ನಲ್ಲಿ ಸಿಕ್ಕಿದರು. ಫೋನ್ ಅವರ ಕೈಗೆ ಕೊಟ್ಟೆ. ನೋಡಿ ನಕ್ಕು, ತಮ್ಮ ಲ್ಯಾಬ್‌ನಲ್ಲಿ ಇದೇ ಕಾರಣಕ್ಕೆ ಒಂದು ವರ್ಷ ಹಾಳಾಗಿತ್ತು ಅಂದರು. ಕಂಪನದಿಂದ ಕ್ಯೂಬಿಟ್‌ಗೆ ಹೀಗೆ ತೊಂದರೆಯಾಗುತ್ತದೆ ಅಂತ ಪ್ರಕಟವಾದ ಕೆಲಸ ಆಗಲೇ ಇತ್ತು. ನಾನು ದೋಷಗಳ ಕಡೆಯೇ ಓದುತ್ತಿದ್ದೆ, ಕಂಪನದ ಕಡೆ ನೋಡಿರಲಿಲ್ಲ. ಏನು ಹುಡುಕಬೇಕು ಅಂತ ಗೊತ್ತಿಲ್ಲದಿದ್ದರೆ ಲೈಬ್ರರಿ ಇದ್ದೂ ಪ್ರಯೋಜನ ಇಲ್ಲ. ಅದನ್ನು ಮನುಷ್ಯರೇ ಹೇಳಬೇಕು.

ಆಮೇಲಿನ ಎರಡು ದಿನ ನಾನೂ ಪ್ರಶ್ನೆ ಕೇಳಿದೆ. ಮೊದಲು ಇಂಗ್ಲಿಷ್ ತಡವರಿಸಿದರೆ ಅಂತ ಹೆದರಿ ಕೂತಿರುತ್ತಿದ್ದೆ. ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದುಕೊಂಡು, ಮೈಕ್ ಹತ್ತಿರ ಹೋಗಿ ಓದಿದೆ. ಅಷ್ಟೇ ಸಾಕಾಯಿತು. ಮಾತಾಡಿಸಿದವರ ಹೆಸರು, ಏನು ಮಾತಾಡಿದೆವು ಅಂತ ಅದೇ ರಾತ್ರಿ ಬರೆದಿಟ್ಟು, ಊರಿಗೆ ಬಂದ ವಾರದೊಳಗೆ ಎಲ್ಲರಿಗೂ ಮೇಲ್ ಮಾಡಿದೆ. ಹನ್ನೊಂದು ಜನರಲ್ಲಿ ಏಳು ಜನ ಉತ್ತರ ಬರೆದರು.

ಬಂದ ಮೇಲೆ ಅಮ್ಮನಿಗೆ ಹೇಳಿದೆ, ಕೈ ತಾಗಿಸ್ತಿದ್ದದ್ದು ಯಾರು ಅಂತ ಸಿಕ್ಕಿತು, ತಣ್ಣಗೆ ಮಾಡುವ ಯಂತ್ರವೇ ಅಂತ. "ಮತ್ತೆ ಅದನ್ನ ದೂರ ಇಡಿ" ಅಂದರು. ಆ ಕೆಲಸವೇ ಈಗ ನಡೆಯುತ್ತಿದೆ. ಯಂತ್ರಕ್ಕೂ ಅದು ತಣ್ಣಗೆ ಮಾಡುವ ಫ್ರಿಜ್‌ನ ಮೇಲಿನ ತಟ್ಟೆಗೂ ನಡುವಿನ ತಾಮ್ರದ ಜೋಡಣೆಯನ್ನು ಬಿಗಿ ಕಂಬಿಯ ಬದಲು ಮೆದು ಹೆಣಿಗೆಗೆ ಬದಲಾಯಿಸಿದೆವು. ಚಿಪ್ ಡಬ್ಬಿಯ ಹಿಡಿಕೆಯನ್ನೂ ಹೊಸದಾಗಿ ಮಾಡಿಸಿದೆವು. ತಾಳಕ್ಕೆ ಬರುತ್ತಿದ್ದ ತಪ್ಪುಗಳು ತುಂಬ ಕಡಿಮೆಯಾಗಿವೆ. ರಾತ್ರಿ ಹೊತ್ತು 60ರಿಂದ 20ಕ್ಕೆ ಬೀಳುವುದು ಮಾತ್ರ ಹಾಗೇ ಇದೆ. ಅನಾಹೈಮ್ ಆದ ಮೇಲಿನ ಸಮಿಟ್ ಡೆನ್ವರ್‌ನಲ್ಲಿ, 2026ರ ಮಾರ್ಚ್‌ನಲ್ಲಿ. ಅದಕ್ಕೆ ಆ ಜೂನಿಯರ್ ಹೆಸರಿನಲ್ಲಿ ಸಾರಾಂಶ ಬರೆದೆವು. ಕೊನೆಯ ಸ್ಲೈಡ್‌ಗೆ ಈ ಏರಿಳಿತದ ಗ್ರಾಫನ್ನು ಅವನು ಆಗಲೇ ತೆಗೆದಿಟ್ಟಿದ್ದ.