ಕಚೇರಿಯ ದೂರವಾಣಿಯಲ್ಲಿ ಕರೆಯನ್ನು ವರ್ಗಾಯಿಸುವ ಕ್ರಮ

ಇಪಿಎಬಿಎಕ್ಸ್ (ಕಚೇರಿಯ ದೂರವಾಣಿಗಳನ್ನು ಪರಸ್ಪರವಾಗಿಯೂ ಹೊರಗಿನ ಲೈನಿಗೂ ಜೋಡಿಸುವ) ವ್ಯವಸ್ಥೆಯ ಸಾಮಾನ್ಯ ದೂರವಾಣಿಗೆ ಬಂದ ಕರೆಯನ್ನು ಮತ್ತೊಬ್ಬರಿಗೆ ವರ್ಗಾಯಿಸಬೇಕಾದಾಗ, ಕರೆ ಮಾಡಿದವರ ಹೆಸರನ್ನೂ ವಿಷಯವನ್ನೂ ಕೇಳಿಕೊಂಡು, ಲೈನಿನಲ್ಲಿಯೇ ಇರುವಂತೆ ವಿನಂತಿಸಿದ ನಂತರವೇ ಫ್ಲ್ಯಾಶ್ ಗುಂಡಿಯನ್ನು ಒಮ್ಮೆ ಒತ್ತಬೇಕು. ಡಯಲ್ ಟೋನ್ ಕೇಳಿಸಿದೊಡನೆ ಸಂಬಂಧಪಟ್ಟವರ ಎಕ್ಸ್‌ಟೆನ್ಷನ್ ಸಂಖ್ಯೆಯನ್ನು (ಕಚೇರಿಯೊಳಗಿನ ಅವರ ದೂರವಾಣಿಯ ಸಂಖ್ಯೆಯನ್ನು) ಒತ್ತಿ, ಅವರು ಉತ್ತರಿಸಿದಾಗ ಯಾರು, ಯಾವ ವಿಚಾರವಾಗಿ ಕರೆದಿದ್ದಾರೆಂಬುದನ್ನು ಚುಟುಕಾಗಿ ತಿಳಿಸಿ, ಅವರು ಒಪ್ಪಿದ ಮೇಲೆ ರಿಸೀವರ್ ಇಟ್ಟರೆ ಇಬ್ಬರಿಗೂ ಸಂಪರ್ಕವಾಗುತ್ತದೆ. ಏನನ್ನೂ ತಿಳಿಸದೆ ನೇರವಾಗಿ ವರ್ಗಾಯಿಸುವುದೂ ಸಾಧ್ಯ. ಆದರೆ ಅಹವಾಲು ಹೇಳಿಕೊಳ್ಳುವವರು ಎಲ್ಲವನ್ನೂ ಮೊದಲಿನಿಂದ ಪುನಃ ಹೇಳಬೇಕಾಗುವುದರಿಂದ ಆ ಕ್ರಮ ನನಗೆ ಸರಿಯೆನಿಸುವುದಿಲ್ಲ. ಆ ಕಡೆಯಿಂದ ಉತ್ತರ ಬಾರದಿದ್ದರೆ, ಸಾಮಾನ್ಯವಾಗಿ ರಿಸೀವರ್ ಇಡದೆ ಮತ್ತೆ ಫ್ಲ್ಯಾಶ್ ಒತ್ತಿ ಮೊದಲಿನವರೊಡನೆ ಮಾತು ಮುಂದುವರಿಸಬಹುದು. ಫ್ಲ್ಯಾಶ್ ಗುಂಡಿ ಇಲ್ಲದ ಉಪಕರಣದಲ್ಲಿ ರಿಸೀವರಿನ ಕೆಳಗಿರುವ ಗುಂಡಿಯನ್ನು ಕ್ಷಣಮಾತ್ರ ಒತ್ತಿ ಬಿಡಬೇಕು. ಹೆಚ್ಚು ಹೊತ್ತು ಅದುಮಿದರೆ ಕರೆ ಕಡಿದುಹೋಗುತ್ತದೆ.